ಸೆಲ್ಫ್ ಕೈಕೊಟ್ಟರೆ ಕಾರು ತಳ್ಳಬಹುದಾ?

ಪ್ರಶ್ನೆ: ನಮ್ಮದು ಹಳೆಯ ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರ್. ಕೀಲಿ ತಿರುಗಿಸಿದರೆ ಟಕ್ ಅನ್ನುತ್ತೆ, ಎಂಜಿನ್ ತಿರುಗಲ್ಲ. ಗ್ಯಾರೇಜಿನವರೆಗೆ ಒಯ್ಯಲು ತಳ್ಳಿ ಸ್ಟಾರ್ಟ್ ಮಾಡಬಹುದಾ? ಮಗನ ಕಾರು ಆಟೊಮ್ಯಾಟಿಕ್, ಅದಕ್ಕೂ ಇದು ನಡೆಯುತ್ತಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ನಿಮ್ಮ ಕಾರು ತಳ್ಳಬಹುದು, ಮಗನದ್ದು ಬೇಡ. ಆಟೊಮ್ಯಾಟಿಕ್‌ನಲ್ಲಿ ಚಕ್ರ ಎಷ್ಟು ಉರುಳಿದರೂ ಎಂಜಿನ್ ತಿರುಗಲ್ಲ, ಸುಮ್ನೆ ಬೆವರು ದಂಡ.

ಮೊದಲು ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ ನೋಡಿ. ಲೈಟ್ ಮಂಕಾಗಿ ಟಕಟಕಟಕ ಅಂತ ಸದ್ದು ಬಂದರೆ ತಪ್ಪು ಬಹುಶಃ ಸೆಲ್ಫ್‌ದಲ್ಲ (ಅಂದರೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿನದ್ದಲ್ಲ), ಬ್ಯಾಟರಿ ಇಳಿದಿರುತ್ತೆ ಅಥವಾ ಟರ್ಮಿನಲ್ ಸಡಿಲ ಇರುತ್ತೆ. ರಾಯಚೂರಿನ ಬಿಸಿಲಿಗೆ ಬ್ಯಾಟರಿ ಬೇಗ ಸೋಲುತ್ತೆ ಅಲ್ವಾ, ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದರೆ ಉಜ್ಜಿ ಬಿಗಿ ಮಾಡಿ, ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತೆ. ಲೈಟ್ ಚೆನ್ನಾಗೇ ಉರಿಯುತ್ತಾ ಒಂದೇ ಟಕ್ ಬಂದರೆ ಸೆಲ್ಫ್ ಮೇಲೆಯೇ ಅನುಮಾನ. ಆಗ ಬೇರೆ ಗಾಡಿಯಿಂದ ಜಂಪ್ ಕೇಬಲ್ ಹಾಕಿದರೂ ಉಪಯೋಗ ಇಲ್ಲ.

ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಕೀಲಿ ತಿರುಗಿಸುವಾಗ ಇನ್ನೊಬ್ಬರು ವೀಲ್ ಸ್ಪ್ಯಾನರ್‌ನಿಂದ ಸೆಲ್ಫ್ ಮೈಮೇಲೆ ಮೆಲ್ಲಗೆ ತಟ್ಟಲಿ. ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಅಂಟಿಕೊಂಡಿದ್ದರೆ ಅಲುಗಾಡಿ ಮತ್ತೆ ತಾಗುತ್ತೆ. ಜೋರಾಗಿ ಬಡಿಯಬೇಡಿ, ಒಡೆಯುತ್ತೆ.

ಇನ್ನು ತಳ್ಳೋದು. ಹ್ಯಾಂಡ್‌ಬ್ರೇಕ್ ಇಳಿಸಿ. ಕೀಲಿ ಆನ್‌ನಲ್ಲೇ ಇರಲಿ, ತೆಗೆದರೆ ಸ್ಟೇರಿಂಗ್ ಲಾಕ್ ಆಗುತ್ತೆ. ಕ್ಲಚ್ ಒತ್ತಿ ಎರಡನೇ ಗೇರ್ ಹಾಕಿ, ಮೊದಲನೆಯದರಲ್ಲಿ ಜರ್ಕ್ ಜಾಸ್ತಿ. ತಳ್ಳುವವರು ಓಡುವಷ್ಟು ವೇಗ ಬಂದಾಗ ಕ್ಲಚ್ ತಟ್ಟನೆ ಬಿಟ್ಟು, ಎಂಜಿನ್ ಹತ್ತಿದ ಕೂಡಲೇ ಮತ್ತೆ ಒತ್ತಿ. ನಿಮ್ಮೂರ ಗದ್ದೆ ಬಯಲಲ್ಲಿ ಇಳಿಜಾರು ಎಲ್ಲಿ ಹುಡುಕ್ತೀರಿ, ಗಟ್ಟಿ ಆಳು ಇಬ್ಬರು ಮೂವರು ಬೇಕು. ಕಾಲುವೆ ದಂಡೆ ಮೇಲೆ ಮಾತ್ರ ಈ ಸಾಹಸ ಬೇಡವೇ ಬೇಡ: ಎಂಜಿನ್ ಹತ್ತುವವರೆಗೆ ಬ್ರೇಕ್ ಪೆಡಲ್ ಗಟ್ಟಿಯಾಗಿರುತ್ತೆ, ಜೋರಾಗಿ ಒತ್ತಬೇಕು, ಪವರ್ ಸ್ಟೇರಿಂಗೂ ಭಾರ. ಎರಡು ಮೂರು ಸಲಕ್ಕೆ ಹತ್ತದಿದ್ದರೆ ಬಿಟ್ಟುಬಿಡಿ, ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸಬಹುದು.

ಹತ್ತಿದರೆ ನಡುವೆ ಚಹಾಕ್ಕೆ ನಿಲ್ಲಿಸಿ ಆಫ್ ಮಾಡಬೇಡಿ, ನೇರ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಹೊಸ ಸೆಲ್ಫ್ ಹಾಕಿಸಿ ಅಂದರೆ ಹೂಂ ಅನ್ನುವ ಮುಂಚೆ ಹಳೆಯದನ್ನು ಬಿಚ್ಚಿ ಬ್ರಷ್ ತೋರಿಸಲು ಕೇಳಿ, ಬರೀ ಅದು ಸವೆದಿದ್ದರೆ ಕಡಿಮೆ ಖರ್ಚಲ್ಲಿ ಮುಗಿಯುತ್ತೆ.