ಬೀದಿದೀಪದ ಬೆಳಕಿಗೆ ಹಕ್ಕಿಗಳು ಬೇಗ ಗೂಡು ಕಟ್ಟುತ್ತವಾ?

ಪ್ರಶ್ನೆ: ನಮ್ಮ ಕಿಟಕಿ ಎದುರಿನ ಮರದ ಪಕ್ಕ ಹೊಸ ಎಲ್‌ಇಡಿ ಬೀದಿದೀಪ ಹಾಕಿದ್ದಾರೆ. ಈಗ ನಡುರಾತ್ರಿಯಲ್ಲೂ ಹಕ್ಕಿ ಕೂಗುತ್ತದೆ. ಗೂಡು ಕಟ್ಟೋದೂ ಈ ಸಲ ಬೇಗ ಶುರುವಾಗಿದೆ. ಇದಕ್ಕೆ ಬೆಳಕೇ ಕಾರಣವಾ? ಹಾಗಿದ್ದರೆ ಹಕ್ಕಿಗಳಿಗೆ ತೊಂದರೆಯಾ?

ಉತ್ತರ: ಬೆಳಕು ಕಾರಣವಾಗಿರಬಹುದು. ಆದರೆ ಒಂದೇ ವರ್ಷ ನೋಡಿ ಖಚಿತವಾಗಿ ಹೇಳೋಕಾಗಲ್ಲ. ಚಳಿ, ಮಳೆ, ಆಹಾರ ಕೂಡ ಗೂಡಿನ ಕಾಲವನ್ನು ಹಿಂದೆಮುಂದೆ ಮಾಡುತ್ತವೆ.

ಎಷ್ಟೋ ಹಕ್ಕಿಗಳಲ್ಲಿ ಮರಿ ಮಾಡುವ ಕಾಲ ಮುಗಿದ ಮೇಲೆ ವೃಷಣ, ಅಂಡಾಶಯ ಕುಗ್ಗಿ ಚಿಕ್ಕದಾಗುತ್ತವೆ. ಹಗಲು ಉದ್ದವಾದಾಗ ಮತ್ತೆ ಬೆಳೆಯುತ್ತವೆ. 1920ರ ದಶಕದಲ್ಲಿ ಕೆನಡಾದ ವಿಜ್ಞಾನಿ ವಿಲಿಯಂ ರೋವನ್ ಕೊರೆಯುವ ಚಳಿಯಲ್ಲಿ ಜಂಕೊ ಎಂಬ ಪುಟ್ಟ ಹಕ್ಕಿಗಳನ್ನು ಹೊರಗಿನ ಪಂಜರದಲ್ಲಿಟ್ಟು, ಸಂಜೆ ಬಲ್ಬ್ ಉರಿಸಿ ಹಗಲನ್ನು ದಿನಾ ಸ್ವಲ್ಪ ಸ್ವಲ್ಪ ಉದ್ದ ಮಾಡಿದರು. ನಡುಚಳಿಗಾಲದಲ್ಲೇ ಅವುಗಳ ವೃಷಣ ವಸಂತದಲ್ಲಿ ಇರುವಷ್ಟು ದೊಡ್ಡದಾದವು. ಕೋಳಿ ಫಾರಂಗಳಲ್ಲಿ ಮೊಟ್ಟೆಗಾಗಿ ದೀಪ ಹಾಕುವುದೂ ಇದೇ ಲೆಕ್ಕದಲ್ಲಿ.

ಸೋಜಿಗವೆಂದರೆ ಇದಕ್ಕೆ ಕಣ್ಣೇ ಬೇಕಿಲ್ಲ. ಹಕ್ಕಿಯ ತಲೆಬುರುಡೆ ತೆಳು. ಬೆಳಕು ಅದನ್ನು ದಾಟಿ ಮಿದುಳಿನ ಒಳಗಿರುವ, ಬೆಳಕು ಗ್ರಹಿಸುವ ಜೀವಕೋಶಗಳನ್ನು ಮುಟ್ಟುತ್ತದೆ. ಕತ್ತಲಾಗಬೇಕಾದ ಹೊತ್ತಿನಲ್ಲಿ ಬೆಳಕು ಬಿದ್ದರೆ ಮಿದುಳು ಅದನ್ನು ಉದ್ದ ಹಗಲು ಅಂತ ಎಣಿಸುತ್ತದೆ, ಹಾರ್ಮೋನ್‌ಗಳು ಕೆಲಸ ಶುರು ಮಾಡುತ್ತವೆ. ಬೀದಿದೀಪ ಉರಿಯೋದು ಸರಿಯಾಗಿ ಆ ಹೊತ್ತಿಗೇ ಅಲ್ವಾ?

ಇದಕ್ಕೆ ಜಾಸ್ತಿ ಬೆಳಕೂ ಬೇಡ. 2013ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಬ್ಲ್ಯಾಕ್‌ಬರ್ಡ್ ಎಂಬ ಹಕ್ಕಿಗಳಿಗೆ ರಾತ್ರಿ ಬರೀ 0.3 ಲಕ್ಸ್ ಬೆಳಕು ಕೊಟ್ಟರು. ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳಕಷ್ಟು. ಅವುಗಳ ವೃಷಣ ಸುಮಾರು ಒಂದು ತಿಂಗಳು ಮೊದಲೇ ಬೆಳೆದವು. ಹಾಗಂತ ಮೊಟ್ಟೆಯೂ ತಿಂಗಳು ಮೊದಲೇ ಬರುತ್ತದೆ ಎಂದುಕೊಳ್ಳಬೇಡಿ. ವಿಯೆನ್ನಾ ಬಳಿಯ ಕಾಡಂಚಿನಲ್ಲಿ ಬೀದಿದೀಪದ ಹತ್ತಿರವಿದ್ದ ಬ್ಲೂ ಟಿಟ್ ಎಂಬ ಪುಟ್ಟ ಹಕ್ಕಿಯ ಹೆಣ್ಣುಗಳು ಮೊಟ್ಟೆಯಿಟ್ಟದ್ದು ಸರಾಸರಿ ಒಂದೂವರೆ ದಿನ ಮೊದಲು, ಅಷ್ಟೇ. ಗಂಡು ತಯಾರಾದರೆ ಸಾಲದು. ಹೆಣ್ಣು ಹವೆ, ಆಹಾರ ಎಲ್ಲ ನೋಡುತ್ತದೆ.

ಬೇಗ ಗೂಡು ಕಟ್ಟಿದರೆ ಕೆಟ್ಟದ್ದೇ? ಮರಿಗಳಿಗೆ ಬೇಕಾದ ಹುಳುಗಳು ಇನ್ನೂ ಬಂದಿಲ್ಲದಿದ್ದರೆ ಕಷ್ಟ. ಆದರೆ ಭೂಮಿ ಬಿಸಿಯಾಗಿ ಹುಳುಗಳೇ ಬೇಗ ಬರುತ್ತಿರುವ ಕಡೆ, ಬೇಗ ಶುರು ಮಾಡಿದ ಹಕ್ಕಿಗೆ ಲಾಭವೂ ಆಗಬಹುದು. ಉತ್ತರ ಅಮೆರಿಕದ 58 ಸಾವಿರಕ್ಕೂ ಹೆಚ್ಚು ಗೂಡುಗಳ ಮಾಹಿತಿ ನೋಡಿದ 2020ರ ಅಧ್ಯಯನ ಈ ಸಾಧ್ಯತೆಯನ್ನು ಎತ್ತಿತ್ತು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇರುವುದು ಮರುವರ್ಷದ್ದು. ದೀಪದಡಿಯ ಅದೇ ಬ್ಲ್ಯಾಕ್‌ಬರ್ಡ್‌ಗಳಲ್ಲಿ ಎರಡನೇ ವರ್ಷ ವೃಷಣ ಬೆಳೆಯಲೇ ಇಲ್ಲ. ಗರಿ ಉದುರಿಸುವ ಕ್ರಮವೂ ಕೆಟ್ಟಿತು. ಮರಿ ಮಾಡಿ ಮುಗಿದ ಮೇಲೆ ಇಂಥ ಹಕ್ಕಿಗಳ ದೇಹ ಉದ್ದ ಹಗಲಿಗೆ ಸ್ಪಂದಿಸುವುದನ್ನು ನಿಲ್ಲಿಸುತ್ತದೆ. ಮತ್ತೆ ಸ್ಪಂದಿಸಬೇಕಾದರೆ ನಡುವೆ ಕೆಲವು ವಾರ ಉದ್ದ ರಾತ್ರಿಗಳು ಸಿಗಬೇಕು. ರಾತ್ರಿಯಿಡೀ ದೀಪವಿದ್ದರೆ ಅವು ಸಿಗಲ್ಲ. ಪ್ರಯೋಗದ ಹಕ್ಕಿಗಳಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ನಿಜ. ನಿಮ್ಮ ಮರದ ಹಕ್ಕಿ ಎಲೆಗಳ ಮರೆಗಾದರೂ ಹೋಗಬಹುದು.

ನೀವು ಮಾಡಬಹುದಾದದ್ದು: ಬೆಳಕು ರಸ್ತೆಗೆ ಮಾತ್ರ ಬೀಳುವಂತೆ ದೀಪಕ್ಕೆ ಮರೆ ಹಾಕಿ ಅಂತ ಸಂಬಂಧಪಟ್ಟವರನ್ನು ಕೇಳಿ. ತಡರಾತ್ರಿ ಮಂದ ಮಾಡಿದರೆ ಇನ್ನೂ ಒಳ್ಳೆಯದು. ಸುಮ್ನೆ ಬಣ್ಣ ಬದಲಾಯಿಸಿದರೆ ಸಾಕು ಅಂತ ಯಾರಾದರೂ ಅಂದರೆ ನಂಬಬೇಡಿ. ತಲೆಬುರುಡೆಯನ್ನು ಸುಲಭವಾಗಿ ದಾಟುವುದು ಕೆಂಪು ಬೆಳಕೇ. ಈಗಿರುವ ಗೂಡನ್ನು ಮಾತ್ರ ಮುಟ್ಟಬೇಡಿ. ಹಕ್ಕಿ ಗೂಡಿಗೆ ಕಡ್ಡಿ ತರಲು ಶುರು ಮಾಡಿದ ದಿನವನ್ನು ಪ್ರತಿ ವರ್ಷ ಬರೆದಿಡಿ, ದೀಪಕ್ಕೆ ಮರೆ ಬಂದ ಮೇಲೆ ಹೋಲಿಸಿ ನೋಡಬಹುದು.