ವರ್ಣನೆ ಹಾರಿಸಿ ಓದುವವರಿಗೆ

ಪತ್ರ: ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಓದಿದೆ. ಕಥೆ ಹಿಡಿಸಿತು. ಆದರೆ ಗಾಳಿ, ಹಿಮ, ಬಯಲಿನ ವರ್ಣನೆ ಬಂದಲ್ಲೆಲ್ಲ ಪುಟ ಹಾರಿಸಿದೆ. ನಿರ್ಜನ ಜಾಗ, ಒಂಟಿ ಮನೆ ಎಲ್ಲ ಓದುಗರನ್ನು ಹೆದರಿಸುವುದಕ್ಕೆ ತಾನೇ? ಇದೇ ಕಥೆ ಲಂಡನ್ನಿನ ಬೀದಿಯಲ್ಲಿ ನಡೆದಿದ್ದರೆ ಏನು ನಷ್ಟ?

ಉತ್ತರ: ನಿಮ್ಮ ಮಾತಿನಲ್ಲಿ ಒಂದಿಷ್ಟು ಹುರುಳಿದೆ. 1764ರ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಹಾಕಿಕೊಟ್ಟ ದಾರಿಯಲ್ಲಿ ಬಂದ ಎಷ್ಟೋ ಗಾಥಿಕ್, ಅಂದರೆ ಭಯ ನಿಗೂಢಗಳ, ಕಾದಂಬರಿಗಳಲ್ಲಿ ಕೋಟೆ, ನೆಲಮಾಳಿಗೆ, ಸುರಂಗಗಳಿಗೆ ಹೆದರಿಸುವುದೇ ಕೆಲಸ. ಆದರೆ ಆ ದೂರನ್ನು 1847ರ ಈ ಕಾದಂಬರಿಯ ಮೇಲೆ ಹೊರಿಸಬೇಡಿ. ಲಂಡನ್ನಿಗೆ ಸಾಗಿಸಿದರೆ ಕಥಾನಾಯಕನ ಹೀತ್‌ಕ್ಲಿಫ್ ಎಂಬ ಹೆಸರಿಗೇ ಅರ್ಥ ಉಳಿಯುವುದಿಲ್ಲ. ಅದರೊಳಗಿರುವುದೇ ಹೀತ್ ಎಂಬ ಕುರುಚಲು ಬಯಲು ಮತ್ತು ಕ್ಲಿಫ್ ಎಂಬ ಕಡಿದಾದ ಬಂಡೆ.

ದಯವಿಟ್ಟು ಮೊದಲ ಅಧ್ಯಾಯ ಮತ್ತೆ ತೆರೆಯಿರಿ. ವದರಿಂಗ್ ಹೈಟ್ಸ್ ಎಂಬ ಮನೆಯ ಪಕ್ಕ ಗಿಡ್ಡ ಫರ್ ಮರಗಳು ಗಾಳಿಯ ಹೊಡೆತಕ್ಕೆ ವಾಲಿ ನಿಂತಿವೆ. ಬಡಕಲು ಮುಳ್ಳುಗಿಡಗಳು ಬಿಸಿಲನ್ನು ಭಿಕ್ಷೆ ಬೇಡುವಂತೆ ಕೊಂಬೆಗಳನ್ನೆಲ್ಲ ಒಂದೇ ದಿಕ್ಕಿಗೆ ಚಾಚಿವೆ. ನೀವು ಹಾರಿಸಿದ್ದು ಇದನ್ನೇ ಇರಬೇಕು. ಈಗ ಹದಿನೇಳನೆಯ ಅಧ್ಯಾಯಕ್ಕೆ ಬನ್ನಿ. ಹೀತ್‌ಕ್ಲಿಫ್‌ನನ್ನು ಹಿಂದೆ ಆಳಿನಂತೆ ನಡೆಸಿಕೊಂಡಿದ್ದ ಹಿಂಡ್ಲಿ ಸತ್ತಿದ್ದಾನೆ. ಅವನ ಪುಟ್ಟ ಮಗ ಹೇರ್‌ಟನ್‌ನನ್ನು ಹೀತ್‌ಕ್ಲಿಫ್ ಎತ್ತಿ ಮೇಜಿನ ಮೇಲೆ ನಿಲ್ಲಿಸಿ, ಇನ್ನು ನೀನು ನನ್ನವನು, ಅದೇ ಗಾಳಿ ತಿರುಚಿದರೆ ಈ ಮರವೂ ಆ ಮರದಂತೆ ಸೊಟ್ಟಗೆ ಬೆಳೆಯುತ್ತದೋ ಇಲ್ಲವೋ ನೋಡೋಣ ಎನ್ನುತ್ತಾನೆ. ಇಡೀ ಕಾದಂಬರಿಯ ಸೇಡು ಆ ಒಂದು ಮಾತಿನಲ್ಲಿದೆ. ಮರಗಳನ್ನು ನೋಡದೆ ಬಂದವರಿಗೆ ಅದು ಬರೀ ಬೆದರಿಕೆಯಾಗಿ ಕೇಳುತ್ತದೆ.

ಹಿಮವೂ ಹಾಗೆಯೇ. ಬಯಲ ದಾರಿಯುದ್ದಕ್ಕೂ ಆರೇಳು ಗಜಕ್ಕೊಂದರಂತೆ ಸುಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ, ಕತ್ತಲಲ್ಲಿ ಜನ ಜೌಗಿಗೆ ಕಾಲಿಡದಿರಲಿ ಎಂದು. ಹಿಮ ಬಿದ್ದ ಬೆಳಿಗ್ಗೆ ಆ ಕಲ್ಲುಗಳೂ ಕಾಣುವುದಿಲ್ಲ. ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ಹೊಸ ಬಾಡಿಗೆದಾರ ಲಾಕ್‌ವುಡ್‌ಗೆ ಹೀತ್‌ಕ್ಲಿಫ್ ದಾರಿ ಹೇಳಬೇಕಾಗುತ್ತದೆ. ಸತ್ತ ಮೊಲಗಳ ರಾಶಿಯನ್ನು ಬೆಕ್ಕುಗಳೆಂದುಕೊಂಡು, ಮನೆಯ ಹೆಣ್ಣುಮಗಳನ್ನು ಯಾರದೋ ಹೆಂಡತಿ ಎಂದುಕೊಂಡು ಹಿಂದಿನ ದಿನವೇ ಎಡವಿದ್ದ ಪೇಟೆಯ ಮನುಷ್ಯ ಅವನು. ನಮಗೆ ಕಥೆ ಹೇಳುತ್ತಿರುವವನು ಎಂಥವನು ಎಂಬುದನ್ನು ಆ ದಾರಿಯೇ ತೋರಿಸಿಬಿಡುತ್ತದೆ.

ತಪ್ಪು ನಿಮ್ಮೊಬ್ಬರದಲ್ಲ. ಕಡಲು, ಬೆಟ್ಟ, ಚಂದ್ರೋದಯ ಎಂದು ಮಹಾಕಾವ್ಯದಲ್ಲಿ ಇರಬೇಕೆನ್ನುವ ಅಷ್ಟಾದಶ (ಹದಿನೆಂಟು) ವರ್ಣನೆಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿಸಿ, ವರ್ಣನೆ ಎಂದರೆ ಕಾವ್ಯಕ್ಕೆ ತೊಡಿಸುವ ಒಡವೆ ಎಂದು ನಮ್ಮ ತರಗತಿಗಳು ಕಲಿಸಿವೆ. ಸಂಕ್ಷಿಪ್ತ ಆವೃತ್ತಿ ಮಾಡುವವರು ಮೊದಲು ಕತ್ತರಿ ಹಾಕುವುದೂ ಅಲ್ಲಿಗೇ. ಪರಿಣಾಮ ನಮ್ಮ ಕಚೇರಿಗೆ ಬರುವ ಭಯದ ಕಥೆಗಳಲ್ಲಿ ಎದ್ದು ಕಾಣುತ್ತದೆ: ಗುಡ್ಡದ ಮೇಲೊಂದು ಹಾಳು ಬಂಗಲೆ, ಮಂಜು, ಗೂಬೆ. ಪಕ್ಕದ ಮನೆ ಎಷ್ಟು ದೂರ, ಗಾಳಿ ಯಾವ ಕಡೆಯಿಂದ, ಅಕ್ಕಿ ಎಣ್ಣೆ ಎಲ್ಲಿಂದ ಬರುತ್ತದೆ, ಒಂದೂ ಗೊತ್ತಾಗುವುದಿಲ್ಲ. ಬ್ರಾಂಟೆ ಬಯಲಿನ ವದರಿಂಗ್ ಹೈಟ್ಸ್ ಮತ್ತು ಕಣಿವೆಯ ಥ್ರಷ್‌ಕ್ರಾಸ್ ಗ್ರೇಂಜ್ ಎಂಬ ಎರಡು ಮನೆಗಳ ನಡುವೆ ಲೆಕ್ಕ ಹಾಕಿ ನಾಲ್ಕು ಮೈಲಿ ಇಟ್ಟಿದ್ದಾಳೆ. ಹೀತ್‌ಕ್ಲಿಫ್‌ನನ್ನು ಪ್ರೀತಿಸಿಯೂ ಎಡ್ಗರ್‌ನನ್ನು ಮದುವೆಯಾಗಿ ಕಣಿವೆಯ ಮನೆ ಸೇರಿದ ಕ್ಯಾಥರಿನ್ ಜ್ವರದಲ್ಲಿ ಕಿಟಕಿ ತೆರೆದು ಹಂಬಲಿಸುವುದು ಆ ದೂರದಾಚೆಯ ಬಯಲಿಗೆ.

ಇನ್ನೊಮ್ಮೆ ಓದುವಾಗ ಪೆನ್ಸಿಲ್ ಹಿಡಿದು, ಬಾಗಿಲು ಕಿಟಕಿ ಬಂದಲ್ಲೆಲ್ಲ ಒಳಗೆ ಯಾರು, ಹೊರಗೆ ಯಾರು ಎಂದು ಗುರುತು ಹಾಕುತ್ತಾ ಹೋಗಿ. ಕೊನೆಯ ಪುಟದಲ್ಲಿ ಮೂರು ಗೋರಿಕಲ್ಲುಗಳು ಸಿಗುತ್ತವೆ. ನಡುವಿನ ಕ್ಯಾಥರಿನ್‌ಳದು ಬಯಲಿನ ಹೀದರ್ ಗಿಡಗಳಲ್ಲಿ ಅರ್ಧ ಹೂತುಹೋಗಿದೆ. ಕಣಿವೆಯ ಎಡ್ಗರ್‌ನದರ ಬುಡಕ್ಕೆ ಹುಲ್ಲು, ಪಾಚಿ ಈಗಷ್ಟೇ ಹತ್ತುತ್ತಿವೆ. ಹೀತ್‌ಕ್ಲಿಫ್‌ನ ಕಲ್ಲು ಇನ್ನೂ ಬರಿದಾಗಿದೆ.