ಎರಡು ಆರು ಬಿದ್ದರೆ ಮಂತ್ರವನ್ನು ತಡೆಯಬಹುದೇ?

ಬೆಳಗಾವಿಯ ಗೆಳೆಯರೇ, ಪುಟ್ಟ ಗೊಂಬೆಸೈನ್ಯ ಮತ್ತು ದಾಳಗಳಿಂದ ಮೇಜಿನ ಮೇಲೆ ಆಡುವ ಯುದ್ಧದಾಟ ವಾರ್‌ಹ್ಯಾಮರ್ ಫ್ಯಾಂಟಸಿಯ ಎಂಟನೇ ಆವೃತ್ತಿಯಲ್ಲಿ (2010) ಎದುರಾಳಿಗೆ ಎರಡು ಆರು ಬಿದ್ದವು, ಆ ಮಂತ್ರವನ್ನು ನಾನು ತಡೆಯಬಹುದಿತ್ತೇ ಎಂದು ಕೇಳಿದ್ದೀರಿ. ಆ ಆರುಗಳು ಯಾವಾಗ ಬಿದ್ದವು ಎಂಬುದೇ ಮುಖ್ಯ.

ಮಂತ್ರದ ಸರದಿಯ ಆರಂಭದಲ್ಲಿ, ಮಾಯಾಗಾಳಿಗೆಂದು (ಆ ಸರದಿಗೆ ಯಾರಿಗೆ ಎಷ್ಟು ದಾಳ ಎಂದು ತಿಳಿಯಲು) ಹಾಕುವ ಎರಡು ದಾಳಗಳಲ್ಲಿ ಬಿದ್ದಿದ್ದರೆ ಗಾಬರಿಯಿಲ್ಲ: ಅವರಿಗೆ ಎರಡರ ಮೊತ್ತದಷ್ಟು, ಅಂದರೆ ಮಂತ್ರ ಹಾಕಲು 12 ಶಕ್ತಿದಾಳ; ನಿಮಗೆ ಎರಡರಲ್ಲಿ ದೊಡ್ಡ ಅಂಕಿಯಷ್ಟು, ಅಂದರೆ ಅದನ್ನು ತಡೆಯಲು 6 ತಡೆದಾಳ. ಮಂತ್ರ ಹಾಕುವಾಗಲೇ ಬಿದ್ದಿದ್ದರೆ ಕೈಕಟ್ಟಿ ಕೂರಬೇಕು; ಅದನ್ನು ತಡೆಯಲಾಗದು. ಆದರೆ ಮಂತ್ರದ ಪರಿಣಾಮ ಮುಗಿದೊಡನೆ ಆ ಮಾಂತ್ರಿಕ ಅನಾಹುತದ ಕೋಷ್ಟಕಕ್ಕೆ (ಮಂತ್ರ ಕೈಮೀರಿದಾಗ ಏನು ಕೇಡಾಗುತ್ತದೆ ಎಂಬ ಪಟ್ಟಿಗೆ) ದಾಳ ಹಾಕಲೇಬೇಕು. ಇದನ್ನು ಮಂತ್ರ ಹಾಕಿದವರು ಜಾಣತನದಿಂದ ಮರೆಯುತ್ತಾರೆ, ನೀವೇ ನೆನಪಿಸಿ. ಒಂದು ಮಂತ್ರಕ್ಕೆ ಒಮ್ಮೆಲೇ ಆರು ದಾಳ ಸುರಿಯುವವರಿಗೆ ಈ ಗಂಡಾಂತರ ಸುಮಾರು ನಾಲ್ಕು ಸಲಕ್ಕೊಮ್ಮೆ ಬರುತ್ತದೆ. ಸಾಧಾರಣ ಮಂತ್ರವನ್ನು ನೀವು ತಡೆಯುವಾಗ ಎರಡು ಆರು ಬಿದ್ದರೆ ಮೊತ್ತ ನೋಡುವ ಕೆಲಸವೇ ಇಲ್ಲ, ಅದು ಮುರಿದಂತೆ, ಅನಾಹುತವೂ ಇಲ್ಲ.

ವಿಜಯಪುರದಲ್ಲಿ ನಾವು ಉಳಿದ ದಾಳಗಳ ಲೆಕ್ಕಕ್ಕೆ ಹುರಿದ ಶೇಂಗಾ ಇಡುತ್ತಿದ್ದೆವು. ಗೆಳೆಯನೊಬ್ಬ ಮಾತಿನ ಭರದಲ್ಲಿ ನನ್ನ ಮೂರು ತಡೆದಾಳಗಳನ್ನು ತಿಂದುಬಿಟ್ಟ. ಈಗ ಹುಣಸೆ ಬೀಜ ಇಡುತ್ತೇವೆ.